ಚಾರ್ಜ್: ಫೋನಿನಿಂದ ಪಹಣಿಯವರೆಗೆ ಓಡಾಡುವ ಪದವನ್ನು ಸರಿಯಾಗಿ ಓದುವುದು, ಬರೆಯುವುದು

ಫೋನನ್ನು ಚಾರ್ಜಿಗೆ ಹಾಕುತ್ತೇವೆ. ರಾತ್ರಿ ಹತ್ತರ ಮೇಲೆ ಆಟೊದವರು ಡಬಲ್ ಚಾರ್ಜ್ ಕೇಳುತ್ತಾರೆ. ಪ್ರತಿಭಟನೆಯಲ್ಲಿ ಲಾಠಿ ಚಾರ್ಜ್ ಆಗುತ್ತದೆ, ತನಿಖೆ ಮುಗಿದ ಮೇಲೆ ಪೊಲೀಸರು ಚಾರ್ಜ್‌ಶೀಟ್ ಹಾಕುತ್ತಾರೆ, ವರ್ಗವಾಗಿ ಬಂದ ತಹಶೀಲ್ದಾರರು ಸೋಮವಾರ ಚಾರ್ಜ್ ತೆಗೆದುಕೊಳ್ಳುತ್ತಾರೆ. ಮಾತಿನಲ್ಲಿ ಇದ್ಯಾವುದೂ ಯಾರಿಗೂ ತೊಡಕಲ್ಲ. ಸಂದರ್ಭವೇ ಅರ್ಥ ಹೇಳಿಬಿಡುತ್ತದೆ.

ತೊಡಕಾಗುವುದು ಬ್ಯಾಂಕಿನ ಪತ್ರ ಓದುವಾಗ, ಇಂಗ್ಲಿಷಿನಲ್ಲಿ ಅರ್ಜಿ ಬರೆಯುವಾಗ, ಸುದ್ದಿ ಅನುವಾದಿಸುವಾಗ. ನಿಘಂಟು ತೆರೆದರೆ ಶುಲ್ಕ, ಆರೋಪ, ಆವೇಶ, ಪ್ರಭಾರ, ದಾಳಿ, ಮದ್ದು, ಉಸ್ತುವಾರಿ ಎಂದು ಒಂದರ ಕೆಳಗೊಂದು ಸಾಲು. ಆ ಸಾಲಿನಿಂದ ಒಂದನ್ನು ಕಣ್ಣುಮುಚ್ಚಿ ಆರಿಸಿದರೆ ಕೆಟ್ಟಿತು. ಈ ಪದದ ಅರ್ಥ ಬಹುಪಾಲು ಅದರ ಪಕ್ಕದಲ್ಲಿರುವ ಪುಟ್ಟ ಪದದಲ್ಲಿ ಅಡಗಿರುತ್ತದೆ. ಅದನ್ನು ಹಿಡಿಯುವುದು ಹೇಗೆ ಎಂಬುದೇ ಇಲ್ಲಿನ ವಿಷಯ.

ಮೂಲದಲ್ಲಿ ಇರುವುದು ಹೊರೆ

ಲ್ಯಾಟಿನ್ನಿನಲ್ಲಿ ಕಾರುಸ್ ಎಂದರೆ ಬಂಡಿ. ಅದರಿಂದ ಬಂದ ಕಾರಿಕಾರೆ ಎಂಬ ಕ್ರಿಯಾಪದಕ್ಕೆ ಬಂಡಿಗೆ ಹೇರುವುದು ಎಂದರ್ಥ. ಹಳೆಯ ಫ್ರೆಂಚಿನ ಮೂಲಕ 13ನೇ ಶತಮಾನದ ಹೊತ್ತಿಗೆ ಅದು ಇಂಗ್ಲಿಷಿಗೆ ಬಂತು. ಕಾರ್, ಕ್ಯಾರಿ, ಕಾರ್ಗೊ ಎಲ್ಲವೂ ಇದೇ ಕುಲದವು. ವ್ಯಂಗ್ಯಚಿತ್ರಕಾರರ ಕ್ಯಾರಿಕೇಚರ್ ಕೂಡ ಅದೇ ಬಳಗದ್ದು: ಮೂಗು, ಕಿವಿ, ಹುಬ್ಬುಗಳನ್ನು ಅಳತೆ ಮೀರಿ ಹೇರಿ ಬರೆದ ಮುಖ.

ಈ ಹೊರೆಯನ್ನು ನೆನಪಿಟ್ಟರೆ ಉಳಿದ ಅರ್ಥಗಳು ತಾವಾಗಿ ಕೂಡಿಕೊಳ್ಳುತ್ತವೆ. ಕೋವಿಗೆ ಮದ್ದು ತುಂಬುವುದು ಚಾರ್ಜ್, ಬ್ಯಾಟರಿಗೆ ವಿದ್ಯುತ್ ತುಂಬುವುದು ಚಾರ್ಜ್. ಗಿರಾಕಿಯ ಮೇಲೆ ಬೀಳುವ ಹಣದ ಹೊರೆ, ಮನುಷ್ಯನ ತಲೆಗೆ ಕಟ್ಟುವ ಅಪರಾಧದ ಹೊರೆ, ಅಧಿಕಾರಿಯ ಹೆಗಲಿಗೆ ಬರುವ ಕೆಲಸದ ಹೊರೆ, ಜಮೀನಿನ ಮೇಲೆ ಕೂರುವ ಸಾಲದ ಹೊರೆ ಎಲ್ಲವೂ ಚಾರ್ಜ್. ನುಗ್ಗಿ ದಾಳಿ ಮಾಡುವ ಅರ್ಥ ಮಾತ್ರ ಸ್ವಲ್ಪ ದೂರದ್ದು. ಆಯುಧವನ್ನು ತುಂಬಿ ಸಜ್ಜಾಗುವುದರಿಂದ ಅದು ಬಂದಿರಬೇಕು ಎಂಬುದೊಂದು ವಿವರಣೆ.

ಕನ್ನಡದ ಹೊರು, ಹೊರಿಸು ಕೂಡ ಹೆಚ್ಚುಕಡಿಮೆ ಇದೇ ದಾರಿ ತುಳಿದಿವೆ. ಆರೋಪ ಹೊರಿಸುತ್ತೇವೆ, ಹೊಣೆ ಹೊರಿಸುತ್ತೇವೆ, ತೆರಿಗೆಯ ಹೊರೆ ಎನ್ನುತ್ತೇವೆ. ಮಕ್ಕಳಿಗೆ ಈ ಪದ ಕಲಿಸುವವರು ಶುಲ್ಕದಿಂದ ಶುರು ಮಾಡುವುದಕ್ಕಿಂತ ಹೊರೆಯಿಂದ ಶುರು ಮಾಡಿದರೆ ಕೆಲಸ ಅರ್ಧ ಮುಗಿದಂತೆ.

ಮೊದಲ ಹೆಜ್ಜೆ: ಪಕ್ಕದ ಪದ ನೋಡಿ

ಇಂಗ್ಲಿಷ್ ವಾಕ್ಯದಲ್ಲಿ ಚಾರ್ಜ್ ಕಂಡಾಗ ಮೊದಲು ಅದರ ಮುಂದೆ ಬಂದ ಅವ್ಯಯವನ್ನು ಹುಡುಕಿ.

ಫಾರ್ ಬಂದರೆ ಹಣ. "ದೇ ಚಾರ್ಜ್ಡ್ ಮಿ ಫಿಫ್ಟಿ ರುಪೀಸ್ ಫಾರ್ ಪಾರ್ಕಿಂಗ್" ಎಂದರೆ ಪಾರ್ಕಿಂಗಿಗೆ ನನ್ನಿಂದ ಐವತ್ತು ರೂಪಾಯಿ ತೆಗೆದುಕೊಂಡರು. ಇಲ್ಲಿನ ಕ್ರಮ ಗಮನಿಸಿ: ಮೊದಲು ವ್ಯಕ್ತಿ, ಆಮೇಲೆ ಮೊತ್ತ, ಕೊನೆಗೆ ಫಾರ್ ಮತ್ತು ಕಾರಣ. ನನ್ನಿಂದ ಎಂಬುದನ್ನು ಹಾಗೇ ಇಳಿಸಿ "ಚಾರ್ಜ್ಡ್ ಫ್ರಮ್ ಮಿ" ಎಂದು ಬರೆಯುವುದು ನಮ್ಮಲ್ಲಿ ಬಹಳ ಸಾಮಾನ್ಯ. ಅಲ್ಲಿ ಫ್ರಮ್ ಬೇಡ.

ವಿತ್ ಬಂದರೆ ಸಾಮಾನ್ಯವಾಗಿ ಆರೋಪ. "ಹಿ ವಾಸ್ ಚಾರ್ಜ್ಡ್ ವಿತ್ ಥೆಫ್ಟ್" ಎಂದರೆ ಅವನ ಮೇಲೆ ಕಳ್ಳತನದ ಆರೋಪ ಹೊರಿಸಲಾಯಿತು. ವಿತ್ ಮುಂದೆ ಅಪರಾಧದ ಬದಲು ಕೆಲಸ ಬಂದರೆ ಅದು ಹೊಣೆ: ಸಮಿತಿಯೊಂದು ವರದಿ ತಯಾರಿಸುವ ಕೆಲಸದೊಂದಿಗೆ "ಚಾರ್ಜ್ಡ್" ಆಗಿದೆ ಎಂದರೆ ಆ ಕೆಲಸ ಅದಕ್ಕೆ ವಹಿಸಲಾಗಿದೆ ಎಂದಷ್ಟೆ. ಸಮಿತಿಯವರ ಮೇಲೆ ಕೇಸಿಲ್ಲ. ಭಾವನೆಯ ಹೆಸರು ಬಂದರೆ ತುಂಬಿಕೊಂಡಿದೆ ಎಂದು ಓದಬೇಕು. ಸಭೆಯ ವಾತಾವರಣ ಸಿಟ್ಟಿನಿಂದ ಚಾರ್ಜ್ಡ್ ಆಗಿತ್ತು ಎಂಬಲ್ಲಿ ಕನ್ನಡಕ್ಕೆ ಉದ್ವಿಗ್ನ ಸರಿಹೋಗುತ್ತದೆ.

ಆ್ಯಟ್ ಅಥವಾ ಇಂಟು ಬಂದರೆ ನುಗ್ಗುವುದು. ಆನೆ ಜೀಪಿನತ್ತ ನುಗ್ಗಿದರೆ ಅಲ್ಲಿ ಆ್ಯಟ್ ಇರುತ್ತದೆ. ಟು ಬಂದರೆ ಖಾತೆಗೆ ಬರೆಯುವುದು: ಹೋಟೆಲಿನಲ್ಲಿ "ಚಾರ್ಜ್ ಇಟ್ ಟು ಮೈ ರೂಮ್" ಎಂದರೆ ಈಗ ದುಡ್ಡು ಕೊಡುವುದಿಲ್ಲ, ಕೋಣೆಯ ಲೆಕ್ಕಕ್ಕೆ ಸೇರಿಸಿ. ಇನ್ ಮೊದಲು ಬಂದು ಆಫ್ ಹಿಂಬಾಲಿಸಿದರೆ ಉಸ್ತುವಾರಿ. ಆನ್ ಬಂದರೆ ಎರಡು ಸಾಧ್ಯತೆ: "ಆನ್ ಎ ಚಾರ್ಜ್ ಆಫ್ ಮರ್ಡರ್" ಎಂದರೆ ಕೊಲೆಯ ಆರೋಪದ ಮೇಲೆ, "ಚಾರ್ಜ್ ಆನ್ ದ ಪ್ರಾಪರ್ಟಿ" ಎಂದರೆ ಆಸ್ತಿಯ ಮೇಲಿನ ಋಣಭಾರ.

ಅವ್ಯಯವೇ ಇಲ್ಲದಿದ್ದರೆ ಕರ್ಮಪದ ನೋಡಿ. ಚಾರ್ಜ್ ಆಗುತ್ತಿರುವುದು ವಸ್ತುವೋ, ಮನುಷ್ಯನೋ? ಫೋನ್, ಸ್ಕೂಟರ್, ಇನ್ವರ್ಟರ್ ಆದರೆ ವಿದ್ಯುತ್. ಮನುಷ್ಯನಾದರೆ ಹಣ ಅಥವಾ ಆರೋಪ. ಕರ್ಮಣಿ ವಾಕ್ಯದಲ್ಲಿ ಈ ಪರೀಕ್ಷೆ ಬಹಳ ಉಪಯೋಗ. "ಐ ವಾಸ್ ಚಾರ್ಜ್ಡ್" ಎಂದು ಅಲ್ಲಿಗೇ ನಿಲ್ಲಿಸಿದರೆ ಕೇಳಿದವರು ಪೊಲೀಸ್ ಕೇಸೇ ಎಂದುಕೊಳ್ಳುತ್ತಾರೆ. ಹೋಟೆಲಿನಲ್ಲಿ ಹೆಚ್ಚು ಹಣ ಕಿತ್ತರು ಎಂದು ಹೇಳಬೇಕಿದ್ದರೆ ಮೊತ್ತವನ್ನು ತಪ್ಪದೆ ಸೇರಿಸಿ.

ಹಣದ ಚಾರ್ಜ್ ಮತ್ತು ಅದರ ನೆಂಟರು

ಕನ್ನಡದ ಬಾಯಲ್ಲಿ ಎಲ್ಲ ಪಾವತಿಯೂ ಚಾರ್ಜ್. ಬಸ್ ಚಾರ್ಜ್, ಡಾಕ್ಟರ್ ಚಾರ್ಜ್, ರೂಮ್ ಚಾರ್ಜ್, ಕೊರಿಯರ್ ಚಾರ್ಜ್. ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಬೇರೆ ಹೆಸರಿದೆ, ಸಮಾನಾರ್ಥಕ ಎಂದು ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಲಾಗದು.

ಪ್ರಯಾಣಿಕ ಕೊಡುವುದು ಫೇರ್. ಆದ್ದರಿಂದ ಬಸ್ ಚಾರ್ಜ್ ಅಲ್ಲ, ಬಸ್ ಫೇರ್. ಕನ್ನಡದಲ್ಲಿ ಪ್ರಯಾಣ ದರ ಅಥವಾ ಟಿಕೆಟ್ ದರ. ಸರಕಿನ ಸಾಗಣೆಗೆ ಕೊಡುವುದು ಫ್ರೇಟ್. ವೈದ್ಯರು, ವಕೀಲರು, ಶಾಲೆ, ಪರೀಕ್ಷೆ, ನೋಂದಣಿ ಇವಕ್ಕೆಲ್ಲ ಫೀ. ಒಬ್ಬರ ವಿದ್ಯೆಗೆ ಅಥವಾ ಒಂದು ಕಡೆ ಪ್ರವೇಶ ಸಿಗುವುದಕ್ಕೆ ಕೊಡುವ ಹಣ ಅದು. ರಸ್ತೆ, ಸೇತುವೆ ದಾಟುವುದಕ್ಕೆ ಟೋಲ್. ಮನೆಗೆ ರೆಂಟ್. ಕಾನೂನು ಮುರಿದದ್ದಕ್ಕೆ ಫೈನ್. ವಸ್ತುವಿನ ಬೆಲೆ ಪ್ರೈಸ್, ಅದನ್ನು ತಯಾರಿಸಲು ಅಥವಾ ಪಡೆಯಲು ತಗಲುವ ವೆಚ್ಚ ಕಾಸ್ಟ್. ದರಗಳ ಇಡೀ ಪಟ್ಟಿಗೆ ಟ್ಯಾರಿಫ್, ಒಂದು ಘಟಕಕ್ಕೆ ಇಷ್ಟು ಎಂದಾಗ ರೇಟ್.

ಇಷ್ಟೆಲ್ಲ ಹೋದ ಮೇಲೆ ಚಾರ್ಜ್‌ಗೆ ಉಳಿಯುವುದು ಸೇವೆ. ಯಾರೋ ಒಂದು ಕೆಲಸ ಮಾಡಿಕೊಟ್ಟದ್ದಕ್ಕೆ, ಅಥವಾ ಮುಖ್ಯ ಬೆಲೆಯ ಮೇಲೆ ಇನ್ನೊಂದಿಷ್ಟು ಸೇರಿದ್ದಕ್ಕೆ ಈ ಪದ. ಡೆಲಿವರಿ ಚಾರ್ಜ್, ಬ್ಯಾಂಕ್ ಚಾರ್ಜ್, ಲೇಬರ್ ಚಾರ್ಜ್ ಸರಿಯಾದ ಇಂಗ್ಲಿಷೇ.

ವಿದ್ಯುತ್ ಬಿಲ್ಲನ್ನು ಒಮ್ಮೆ ಕೈಗೆತ್ತಿಕೊಂಡರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಅಲ್ಲಿ ನಿಗದಿತ ಶುಲ್ಕ ಬೇರೆ, ಬಳಕೆ ಶುಲ್ಕ ಬೇರೆ, ತೆರಿಗೆ ಬೇರೆ. ಮೊದಲನೆಯದು ನೀವು ಮಂಜೂರು ಮಾಡಿಸಿಕೊಂಡ ಲೋಡಿನ ಮೇಲೆ ಬರುತ್ತದೆ, ಒಂದು ಯೂನಿಟ್ಟೂ ಉರಿಸದಿದ್ದರೂ ಅದು ತಪ್ಪುವುದಿಲ್ಲ. ಎರಡನೆಯದು ಯೂನಿಟ್ಟಿನ ಲೆಕ್ಕ. ಇವೆರಡೂ ಚಾರ್ಜ್, ಏಕೆಂದರೆ ಒದಗಿಸಿದ ಸೇವೆಗೆ ಪ್ರತಿಯಾಗಿ ಕೊಡುವುದು. ತೆರಿಗೆ ಹಾಗಲ್ಲ. ಅದು ಸರ್ಕಾರಕ್ಕೆ ಸಲ್ಲುವಂಥದ್ದು, ಅದಕ್ಕೆ ಪ್ರತಿಯಾಗಿ ಇಂಥದೇ ಸೇವೆ ಬೇಕೆಂದು ಕೇಳಲಾಗದು.

ಈ ಗೆರೆ ಗೊತ್ತಿಲ್ಲದಿದ್ದರೆ ಹೋಟೆಲ್ ಬಿಲ್ಲಿನಲ್ಲಿ ದುಡ್ಡು ಹೋಗುತ್ತದೆ. ಸರ್ವಿಸ್ ಟ್ಯಾಕ್ಸ್ ಎಂಬ ಕೇಂದ್ರದ ತೆರಿಗೆ 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಅದರೊಳಗೆ ಸೇರಿಹೋಯಿತು. ಸರ್ವಿಸ್ ಚಾರ್ಜ್ ಎಂಬುದು ಹೋಟೆಲಿನವರೇ ಸೇರಿಸಿಕೊಳ್ಳುವ ಮೊತ್ತ. ಹೆಸರು ಹತ್ತಿರ ಇರುವುದರಿಂದ ಅದೂ ಸರ್ಕಾರದ್ದೇ ಎಂದು ಜನ ಸುಮ್ಮನೆ ಕೊಡುತ್ತಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಹೋಟೆಲಿನವರು ಇದನ್ನು ಬಿಲ್ಲಿಗೆ ತಾವಾಗಿ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲು ಮಾಡುವಂತಿಲ್ಲ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಆ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಬಿಲ್ಲಿನಲ್ಲಿ ಕಂಡರೆ ತೆಗೆಯಲು ಹೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಬರವಣಿಗೆಯಲ್ಲಿ ಇನ್ನೊಂದು ಸೂಕ್ಷ್ಮ: ಹಣದ ಚಾರ್ಜ್ ಎಣಿಸಬಹುದಾದ ನಾಮಪದ, ಅದಕ್ಕೆ "ಎ" ಬರುತ್ತದೆ, ಬಹುವಚನವೂ ಇದೆ. ಆದರೆ "ಫ್ರೀ ಆಫ್ ಚಾರ್ಜ್" ಎಂಬಲ್ಲಿ ಎರಡೂ ಇಲ್ಲ. ಅಂಗಡಿಗಳ ಬೋರ್ಡಿನಲ್ಲಿ ಕಾಣುವ "ಫ್ರೀ ಆಫ್ ಚಾರ್ಜಸ್" ಸರಿಯಲ್ಲ. "ಫ್ರೀ ಆಫ್ ಕಾಸ್ಟ್" ನಮ್ಮ ದೇಶದಲ್ಲಿ ನಡೆಯುತ್ತದೆ, ಹೊರದೇಶಕ್ಕೆ ಬರೆಯುವ ಪತ್ರದಲ್ಲಿ ಬಿಟ್ಟರೆ ಒಳ್ಳೆಯದು.

ಆರೋಪದ ಚಾರ್ಜ್: ಮೆಟ್ಟಿಲು ತಪ್ಪಿದರೆ ಸುದ್ದಿಯೇ ತಪ್ಪು

ಆರೋಪ ಎಂಬ ಒಂದೇ ಕನ್ನಡ ಪದ ಇಂಗ್ಲಿಷಿನ ಮೂರು ಪದಗಳ ಕೆಲಸ ಮಾಡುತ್ತದೆ, ಅಲ್ಲೇ ಗೊಂದಲ. ಅಲಿಗೇಷನ್ ಎಂದರೆ ಪುರಾವೆ ಇನ್ನೂ ಮುಂದಿಡದ ಹೇಳಿಕೆ, ಅದನ್ನು ಯಾರು ಬೇಕಾದರೂ ಮಾಡಬಹುದು. ಅಕ್ಯೂಸೇಷನ್ ಎಂದರೆ ಇಂಥವನೇ ಮಾಡಿದ್ದು ಎಂದು ಬೊಟ್ಟು ಮಾಡುವುದು, ಅದು ಮನೆಯ ಜಗಲಿಯಲ್ಲೂ ನಡೆಯುತ್ತದೆ. ಚಾರ್ಜ್‌ಗೆ ಮಾತ್ರ ಅಧಿಕೃತ ಮುದ್ರೆ ಬೇಕು. ಪೊಲೀಸರು, ನ್ಯಾಯಾಲಯ ಅಥವಾ ಶಿಸ್ತು ಪ್ರಾಧಿಕಾರ ಬರಹದಲ್ಲಿ ಹೊರಿಸುವಂಥದ್ದು ಅದು. ವಿರೋಧ ಪಕ್ಷದ ನಾಯಕರು ಪತ್ರಿಕಾಗೋಷ್ಠಿಯಲ್ಲಿ ಮಾಡುವುದು ಅಲಿಗೇಷನ್. ಅದನ್ನು ಚಾರ್ಜ್ ಎಂದು ಬರೆಯುವ ರೂಢಿ ಇಂಗ್ಲಿಷ್ ಪತ್ರಿಕೆಗಳಲ್ಲೂ ಇದೆ, ಆದರೆ ಕೋರ್ಟ್ ವರದಿ ಬರೆಯುವವರು ಆ ಸಲಿಗೆ ತೆಗೆದುಕೊಳ್ಳಬಾರದು.

ನಮ್ಮ ಕ್ರಿಮಿನಲ್ ಪ್ರಕ್ರಿಯೆಯಲ್ಲಿ ಈ ಪದ ಎರಡು ಬೇರೆ ಮೆಟ್ಟಿಲುಗಳಲ್ಲಿ ಬರುತ್ತದೆ. ತನಿಖೆ ಮುಗಿಸಿ ಪೊಲೀಸರು ನ್ಯಾಯಾಲಯಕ್ಕೆ ಸಲ್ಲಿಸುವ ವರದಿ ಚಾರ್ಜ್‌ಶೀಟ್, ಕನ್ನಡದಲ್ಲಿ ದೋಷಾರೋಪ ಪಟ್ಟಿ ಅಥವಾ ಆರೋಪಪಟ್ಟಿ. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 173ನೇ ಕಲಮಿನಲ್ಲಿತ್ತು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಮಿನಲ್ಲಿದೆ. ಆ ವರದಿಯನ್ನೂ ಎರಡೂ ಕಡೆಯ ವಾದವನ್ನೂ ನೋಡಿ, ವಿಚಾರಣೆಗೆ ಆಧಾರವಿದೆ ಎನಿಸಿದರೆ ನ್ಯಾಯಾಧೀಶರು ಆರೋಪ ನಿಗದಿ ಮಾಡುತ್ತಾರೆ. ಇಂಗ್ಲಿಷಿನಲ್ಲಿ ಅದು "ಫ್ರೇಮಿಂಗ್ ಆಫ್ ಚಾರ್ಜಸ್". ಚಾರ್ಜ್‌ಶೀಟ್ ಬಿತ್ತು ಎಂದಾಕ್ಷಣ ಆರೋಪ ನಿಗದಿಯಾಯಿತು ಎಂದಲ್ಲ, ಆರೋಪ ನಿಗದಿಯಾದ ಮಾತ್ರಕ್ಕೆ ಅಪರಾಧ ಸಾಬೀತಾಯಿತು ಎಂದೂ ಅಲ್ಲ. ಎಷ್ಟೋ ತಲೆಬರಹಗಳು ಈ ಮೂರನ್ನೂ ಕಲಸಿಬಿಡುತ್ತವೆ.

ಚಾರ್ಜ್‌ಶೀಟ್ ದಿನಾಂಕಕ್ಕೆ ಅಷ್ಟು ಮಹತ್ವ ಏಕೆಂದರೆ ಜಾಮೀನು ಅದಕ್ಕೆ ಗಂಟುಬಿದ್ದಿದೆ. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನದೊಳಗೆ ಅದು ಸಲ್ಲಿಕೆಯಾಗದಿದ್ದರೆ ಬಂಧನದಲ್ಲಿರುವ ಆರೋಪಿಗೆ ಜಾಮೀನು ಕೇಳುವ ಹಕ್ಕು ಹುಟ್ಟುತ್ತದೆ. ಕೇಸಿನಲ್ಲಿ ಹುರುಳಿಲ್ಲ ಎಂದು ಪೊಲೀಸರಿಗೆ ಕಂಡರೆ ಅವರು ಹಾಕುವುದು ಬಿ ರಿಪೋರ್ಟ್. ಅದನ್ನು ಚಾರ್ಜ್‌ಶೀಟ್ ಎಂದು ಬರೆದರೆ ಅರ್ಥ ತಲೆಕೆಳಗು.

ಇನ್ನು ವ್ಯಾಕರಣ. ಚಾರ್ಜ್ ಕ್ರಿಯಾಪದಕ್ಕೆ ವಿತ್, ಅಕ್ಯೂಸ್‌ಗೆ ಆಫ್, ಅರೆಸ್ಟ್‌ಗೆ ಫಾರ್. ಒಂದೇ ಪ್ಯಾರಾದಲ್ಲಿ ಮೂರೂ ಬಂದಾಗ ಅದಲುಬದಲಾಗುವುದು ಸಹಜ. "ಚಾರ್ಜ್ಡ್ ಫಾರ್ ಥೆಫ್ಟ್" ಎಂದು ಬರೆದರೆ ಕಳ್ಳತನ ಮಾಡಿಕೊಟ್ಟದ್ದಕ್ಕೆ ಬಿಲ್ ಹಾಕಿದರು ಎಂಬಂತಾಗುತ್ತದೆ. ಚಾರ್ಜ್ ನಾಮಪದವಾದಾಗ ಮಾತ್ರ ಆಫ್: "ಎ ಚಾರ್ಜ್ ಆಫ್ ಥೆಫ್ಟ್". ಜೊತೆಗೆ ಬರುವ ಕ್ರಿಯಾಪದಗಳನ್ನು ಹಾಗೇ ಬಾಯಿಪಾಠ ಮಾಡಿಕೊಳ್ಳುವುದು ಲೇಸು: ಪ್ರೆಸ್ ಚಾರ್ಜಸ್ ಎಂದರೆ ಕೇಸು ನಡೆಸಲು ಪಟ್ಟುಹಿಡಿಯುವುದು, ಡ್ರಾಪ್ ಎಂದರೆ ಕೈಬಿಡುವುದು, ಫೇಸ್ ಎಂದರೆ ಎದುರಿಸುವುದು, ಡಿನೈ ಎಂದರೆ ಅಲ್ಲಗಳೆಯುವುದು. ಬುಕ್ಡ್, ಚಾರ್ಜ್‌ಶೀಟೆಡ್ ಎಂಬಿವು ನಮ್ಮ ದೇಶದ ಪತ್ರಿಕಾ ಇಂಗ್ಲಿಷಿಗೆ ಸಲ್ಲುವ ಬಳಕೆಗಳು. ಅಮೆರಿಕದ ವರದಿಗಳಲ್ಲಿ ಅಧಿಕೃತವಾಗಿ ಆರೋಪ ಹೊರಿಸುವುದಕ್ಕೆ ಬಳಸುವ ಇಂಡೈಟ್ ನಮ್ಮ ಪ್ರಕ್ರಿಯೆಗೆ ಹೊಂದುವುದಿಲ್ಲ, ಇಲ್ಲಿನ ಸುದ್ದಿಗೆ ಅದನ್ನು ತರಬೇಡಿ.

ಸರ್ಕಾರಿ ನೌಕರರಿಗೆ ಬರುವ ಆರೋಪಪಟ್ಟಿ ಇನ್ನೊಂದು ಬಗೆ. 1957ರ ಕರ್ನಾಟಕ ಸಿವಿಲ್ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳ ಪ್ರಕಾರ ಇಲಾಖಾ ವಿಚಾರಣೆಯಲ್ಲಿ ಕೊಡುವ ಅದಕ್ಕೆ ಪೊಲೀಸರ ಸಂಬಂಧವಿಲ್ಲ. ಸಹೋದ್ಯೋಗಿಗೆ "ಚಾರ್ಜ್‌ಶೀಟ್ ಆಗಿದೆ" ಎಂದು ಕೇಳಿದಾಗ ಯಾವುದು ಎಂದು ವಿಚಾರಿಸಿಯೇ ಮುಂದಿನ ಮಾತು.

ಇನ್‌ಚಾರ್ಜ್, ಪ್ರಭಾರ, ಉಸ್ತುವಾರಿ

ಕಚೇರಿ ಭಾಷೆಯಲ್ಲಿ ಚಾರ್ಜ್ ತೆಗೆದುಕೊಳ್ಳುವುದು, ಚಾರ್ಜ್ ಕೊಡುವುದು ಎರಡೂ ಲಿಖಿತ ಕೆಲಸ. ಹೋಗುವವರು ಬರುವವರು ಇಬ್ಬರೂ ಸಹಿ ಮಾಡಿದ ಪ್ರಭಾರ ವರ್ಗಾವಣೆ ಪ್ರಮಾಣಪತ್ರ ಅದಕ್ಕೆ ಸಾಕ್ಷಿ. ಪೂರ್ವಾಹ್ನವೋ ಅಪರಾಹ್ನವೋ ಎಂಬುದೂ ಅದರಲ್ಲಿ ನಮೂದಾಗಬೇಕು, ಸಂಬಳದ ಲೆಕ್ಕ ಅದರ ಮೇಲೆ ನಿಂತಿದೆ. ಕನ್ನಡದಲ್ಲಿ ಅಧಿಕಾರ ವಹಿಸಿಕೊಂಡರು, ಅಧಿಕಾರ ಹಸ್ತಾಂತರಿಸಿದರು ಎಂದರೆ ಸಾಕು. ಬೇರೊಬ್ಬರ ಹುದ್ದೆಯನ್ನು ತಾತ್ಕಾಲಿಕವಾಗಿ ನೋಡಿಕೊಳ್ಳುವುದು ಪ್ರಭಾರ, ತಮ್ಮ ಹುದ್ದೆಯ ಜೊತೆಗೆ ನೋಡಿಕೊಂಡರೆ ಹೆಚ್ಚುವರಿ ಪ್ರಭಾರ. ಜಿಲ್ಲಾ ಉಸ್ತುವಾರಿ ಸಚಿವರು ಮಾತ್ರ ಪ್ರಭಾರಿಗಳಲ್ಲ. ಅವರು ಆ ಜಿಲ್ಲೆಯ ಕೆಲಸಗಳ ಮೇಲ್ವಿಚಾರಣೆಗೆ ನೇಮಕವಾದವರು, ಯಾರದೋ ಖಾಲಿ ಕುರ್ಚಿ ತುಂಬಿದವರಲ್ಲ. ಇಂಗ್ಲಿಷಿನಲ್ಲಿ ಇಬ್ಬರಿಗೂ ಇನ್‌ಚಾರ್ಜ್ ಎಂದೇ ಬರುತ್ತದೆ, ಅನುವಾದಿಸುವಾಗ ಎಚ್ಚರ.

ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಚಿಕ್ಕ "ದ" ಇಡೀ ಅರ್ಥವನ್ನು ತಿರುಗಿಸುತ್ತದೆ. "ದ ವಾರ್ಡನ್ ಈಸ್ ಇನ್ ಚಾರ್ಜ್ ಆಫ್ ದ ಬಾಯ್ಸ್" ಎಂದರೆ ಹುಡುಗರು ವಾರ್ಡನ್ ಸುಪರ್ದಿಯಲ್ಲಿದ್ದಾರೆ. "ಇನ್ ದ ಚಾರ್ಜ್ ಆಫ್ ದ ಬಾಯ್ಸ್" ಎಂದು ದ ಸೇರಿಸಿದರೆ ವಾರ್ಡನ್ನೇ ಹುಡುಗರ ಸುಪರ್ದಿಗೆ ಬಂದರು.

ಉದ್ಯೋಗದ ಅರ್ಜಿಯಲ್ಲಿ "ಐ ವಾಸ್ ಲ್ಯಾಬ್ ಇನ್‌ಚಾರ್ಜ್" ಎಂಬುದು ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಹೊರದೇಶದ ಕಂಪನಿಗೆ ಬರೆಯುವಾಗ "ಐ ವಾಸ್ ಇನ್ ಚಾರ್ಜ್ ಆಫ್ ದ ಲ್ಯಾಬ್" ಎಂದು ಬಿಡಿಸಿ ಬರೆಯಿರಿ. ಪ್ರಭಾರ ಪ್ರಾಂಶುಪಾಲರಿಗೆ ಅಲ್ಲಿ ಆ್ಯಕ್ಟಿಂಗ್ ಎನ್ನುತ್ತಾರೆ. ಇನ್ ಚಾರ್ಜ್ ಆಫ್ ಎಂಬುದರ ಜಾಗದಲ್ಲಿ ರೆಸ್ಪಾನ್ಸಿಬಲ್ ಫಾರ್ ಬಳಸಬಹುದು, ಆದರೆ ಅದಕ್ಕೊಂದು ಬಾಲವಿದೆ: ಬೆಂಕಿಗೆ ರೆಸ್ಪಾನ್ಸಿಬಲ್ ಎಂದರೆ ಬೆಂಕಿ ಬೀಳಲು ಅವನೇ ಕಾರಣ ಎಂದೂ ಆಗುತ್ತದೆ. ಇನ್ ಚಾರ್ಜ್‌ನಲ್ಲಿ ಆ ದೂಷಣೆ ಇಲ್ಲ.

ಜಮೀನಿನ ಮೇಲಿನ ಚಾರ್ಜ್

ಬ್ಯಾಂಕಿನ ಪತ್ರದಲ್ಲಿ "ಚಾರ್ಜ್ ಕ್ರಿಯೇಟೆಡ್" ಎಂಬ ಸಾಲನ್ನು ಶುಲ್ಕ ವಿಧಿಸಲಾಗಿದೆ ಎಂದು ಓದಿ ಎಷ್ಟು ಕಟ್ಟಬೇಕು ಎಂದು ಕೇಳಲು ಹೋಗುವವರಿದ್ದಾರೆ. ಅಲ್ಲಿ ಹೇಳುತ್ತಿರುವುದು ನಿಮ್ಮ ಆಸ್ತಿಯ ಮೇಲೆ ಸಾಲದ ಭಾರ ದಾಖಲಾಗಿದೆ ಎಂದು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 100ನೇ ಕಲಮು ಇದನ್ನು ವಿವರಿಸುತ್ತದೆ: ಆಸ್ತಿ ಸಾಲಕ್ಕೆ ಭದ್ರತೆಯಾಗಿದೆ, ಆದರೆ ಅಡಮಾನದಲ್ಲಾಗುವಂತೆ ಅದರಲ್ಲಿನ ಹಕ್ಕು ಸಾಲ ಕೊಟ್ಟವರಿಗೆ ವರ್ಗವಾಗಿಲ್ಲ.

ಕೃಷಿ ಸಾಲದಲ್ಲಿ ಇದು ಪಹಣಿಯ 11ನೇ ಕಾಲಮ್ಮಿನಲ್ಲಿ, ಇತರೆ ಹಕ್ಕುಗಳು ಮತ್ತು ಋಣಗಳು ಎಂಬಲ್ಲಿ ಕೂರುತ್ತದೆ. ಸೊಸೈಟಿಗಳಲ್ಲಿ ಇದಕ್ಕೆ ಬೋಜಾ ಎನ್ನುತ್ತಾರೆ. ಹಿಂದಿಯ ಕಡೆಯಿಂದ ಬಂದ ಆ ಪದಕ್ಕೂ ಹೊರೆ ಎಂದೇ ಅರ್ಥ, ಚಾರ್ಜ್‌ಗೆ ಇಷ್ಟು ಕರಾರುವಾಕ್ಕಾದ ಜೋಡಿ ಇನ್ನೊಂದಿಲ್ಲ. ಸಾಲ ತೀರಿದ ಮೇಲೆ ಬೋಜಾ ತಾನಾಗಿ ಅಳಿದಿರುತ್ತದೆ ಎಂದು ನಂಬಬೇಡಿ. ಬ್ಯಾಂಕ್ ಅಥವಾ ಸೊಸೈಟಿಯಿಂದ ಸಾಲ ತೀರುವಳಿ ಪತ್ರ ಪಡೆದು, ಬೋಜಾ ತೆಗೆಸಿ, ಹೊಸ ಪಹಣಿ ತೆಗೆದು 11ನೇ ಕಾಲಮ್ಮನ್ನು ಕಣ್ಣಾರೆ ನೋಡಿ. ನಿವೇಶನ, ಮನೆಗಳಾದರೆ ಉಪನೋಂದಣಿ ಕಚೇರಿಯ ಋಣಭಾರ ಪ್ರಮಾಣಪತ್ರ ತೆಗೆಸಬೇಕು: ವಹಿವಾಟುಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಕಂಪನಿಯ ಆಸ್ತಿಯಾದರೆ 2013ರ ಕಂಪನಿ ಕಾಯ್ದೆಯ 77ನೇ ಕಲಮಿನಂತೆ 30 ದಿನದೊಳಗೆ ಚಾರ್ಜ್ ನೋಂದಣಿಯಾಗಬೇಕು. ವಾಹನ ಸಾಲದ ಕಾಗದಗಳಲ್ಲಿ ಚಾರ್ಜ್ ಬದಲು ಹೈಪೋಥಿಕೇಷನ್ ಕಾಣುತ್ತದೆ, ಅಂದರೆ ವಾಹನ ನಿಮ್ಮ ಕೈಯಲ್ಲೇ ಇದ್ದು ಸಾಲಕ್ಕೆ ಭದ್ರತೆಯಾಗಿರುವುದು. ಆರ್‌ಸಿಯಿಂದ ಅದನ್ನು ತೆಗೆಸಲು ನಮೂನೆ 35 ಬೇಕು.

ಬ್ಯಾಟರಿ ಮತ್ತು ಭೌತವಿಜ್ಞಾನ

ಶಾಲೆಯ ಪುಸ್ತಕದಲ್ಲಿ ಇದು ವಿದ್ಯುದಾವೇಶ, ಚಿಕ್ಕದಾಗಿ ಆವೇಶ. ಸಿಟ್ಟು ಬಂದಾಗಿನ ಆವೇಶ, ದೇವರು ಮೈಮೇಲೆ ಬಂದಾಗಿನ ಆವೇಶ, ಎಲೆಕ್ಟ್ರಾನಿನ ಆವೇಶ ಎಲ್ಲಕ್ಕೂ ಒಂದೇ ಪದ ಇರುವುದು ಮಕ್ಕಳಿಗೆ ನಗು ತರಿಸಿದರೂ ಪದ ಸರಿಯಾಗಿಯೇ ಕೂತಿದೆ: ಒಳಹೊಕ್ಕು ತುಂಬಿಕೊಳ್ಳುವುದು. ಧನ, ಋಣ ಎಂಬ ವಿಂಗಡಣೆ ಬೆಂಜಮಿನ್ ಫ್ರಾಂಕ್ಲಿನ್ ಹಾಕಿಕೊಟ್ಟದ್ದು. ಅಳೆಯುವ ಮಾನ ಕೂಲಂಬ್. 2019ರ ಮೇ 20ರಿಂದ ಪ್ರಾಥಮಿಕ ಆವೇಶದ ಮೌಲ್ಯವನ್ನು 1.602176634×10⁻¹⁹ ಕೂಲಂಬ್ ಎಂದು ನಿಖರವಾಗಿ ನಿಗದಿ ಮಾಡಲಾಗಿದೆ. ಪ್ರೋಟಾನಿನದು ಅಷ್ಟೇ ಧನ, ಎಲೆಕ್ಟ್ರಾನಿನದು ಅಷ್ಟೇ ಋಣ.

ಫೋನಿನ ಪೆಟ್ಟಿಗೆ ಮೇಲಿನ ಮಿಲಿ ಆಂಪಿಯರ್ ಅವರ್ ಅಳೆಯುವುದು ಇದೇ ಆವೇಶವನ್ನು. 5,000 ಎಂದಿದ್ದರೆ 5 ಆಂಪಿಯರ್ ಅವರ್, ಅಂದರೆ 5×3,600 = 18,000 ಕೂಲಂಬ್. ಶಕ್ತಿ ಬೇಕಿದ್ದರೆ ವೋಲ್ಟೇಜಿನಿಂದ ಗುಣಿಸಬೇಕು. ವಿಮಾನದಲ್ಲಿ ಪವರ್ ಬ್ಯಾಂಕಿಗೆ 100 ವಾಟ್ ಅವರ್ ಮಿತಿ ಎಂದಾಗ ಈ ಲೆಕ್ಕ ಕೆಲಸಕ್ಕೆ ಬರುತ್ತದೆ: 20,000ದ್ದು 3.7 ವೋಲ್ಟಿಗೆ 74 ವಾಟ್ ಅವರ್ ಆಗುತ್ತದೆ.

ಮಾತಿನಲ್ಲಿ ನಾವು "ಫೋನಲ್ಲಿ ಚಾರ್ಜ್ ಇಲ್ಲ" ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಬ್ಯಾಟರಿ ಸತ್ತಿದೆ ಅಥವಾ ಕಡಿಮೆ ಇದೆ ಎಂದು "ಡೆಡ್", "ಲೋ" ಬಳಸುತ್ತಾರೆ. "ಚಾರ್ಜ್ ಈಸ್ ಓವರ್" ಕನ್ನಡದ ಮುಗೀತು ಎಂಬುದರ ನೆರಳು. ಎಲೆಕ್ಟ್ರಿಕ್ ಆಟೊಗಳು ಬಂದ ಮೇಲೆ "ಚಾರ್ಜ್ ಎಷ್ಟಾಯ್ತು?" ಎಂಬ ಪ್ರಶ್ನೆಗೆ ಚಾಲಕರು ರೂಪಾಯಿಯಲ್ಲೂ ಉತ್ತರಿಸಬಹುದು, ಶೇಕಡಾದಲ್ಲೂ ಉತ್ತರಿಸಬಹುದು!

ಫ್ರಿಜ್, ಎಸಿ ಮೆಕ್ಯಾನಿಕ್‌ಗಳು ಹೇಳುವ ಗ್ಯಾಸ್ ಚಾರ್ಜ್ ಕೂಡ ತುಂಬುವ ಅರ್ಥದ್ದೇ. ಆ ಗ್ಯಾಸ್ ಪೆಟ್ರೋಲಿನ ಹಾಗೆ ಬಳಸಿ ತೀರುವಂಥದ್ದಲ್ಲ, ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಸೋರಿಕೆ ಹುಡುಕದೆ ಚಾರ್ಜ್ ಮಾಡಿಸಿದರೆ ದುಡ್ಡೂ ಅದರ ಹಿಂದೆಯೇ ಸೋರುತ್ತದೆ.

ನುಗ್ಗುವ ಚಾರ್ಜ್

ಇಲ್ಲಿ ಎರಡು ಗುಣ ಬೇಕು: ವೇಗ, ಎದುರಿಗಿರುವ ಗುರಿ. ದೂರದಲ್ಲಿ ಕೂತು ಫಿರಂಗಿ ಹಾರಿಸುವುದು ಚಾರ್ಜ್ ಅಲ್ಲ, ಅದು ಅಟ್ಯಾಕ್. ಕ್ರಿಮಿಯಾ ಯುದ್ಧದಲ್ಲಿ 1854ರ ಅಕ್ಟೋಬರ್ 25ರಂದು ಬಾಲಕ್ಲಾವಾದಲ್ಲಿ ಬ್ರಿಟಿಷ್ ಅಶ್ವದಳ ರಷ್ಯನ್ ಫಿರಂಗಿಗಳತ್ತ ನುಗ್ಗಿದ್ದು ಚಾರ್ಜ್. ರೆಯ್ಡ್ ಎಂದರೆ ಹಠಾತ್ತನೆ ಬಂದು ಹೋಗುವ ದಾಳಿ, ಸ್ಟಾರ್ಮ್ ಎಂದರೆ ನುಗ್ಗಿ ವಶಪಡಿಸಿಕೊಳ್ಳುವುದು. ಬಂಡೀಪುರ, ನಾಗರಹೊಳೆಯ ಕಡೆ ಕೇಳುವ ಮಾಕ್ ಚಾರ್ಜ್ ಎಂದರೆ ಆನೆ ಹೆದರಿಸಲು ನಾಲ್ಕು ಹೆಜ್ಜೆ ಓಡಿಬಂದು ನಿಲ್ಲುವುದು. ಅದನ್ನು ದಾಳಿ ಎಂದು ಬರೆದರೆ ಉತ್ಪ್ರೇಕ್ಷೆಯಾಗುತ್ತದೆ, ಹುಸಿ ಬೆದರಿಕೆ ಎಂದರೆ ಸರಿ. ಲಾಠಿ ಚಾರ್ಜ್‌ಗೆ ಲಾಠಿ ಪ್ರಹಾರ ನೆಲೆಯೂರಿದೆ.

ಉಪಸರ್ಗ ಸೇರಿದಾಗ

ಡಿಸ್ ಸೇರಿದರೆ ಹೊರೆ ಇಳಿಯುತ್ತದೆ: ಆಸ್ಪತ್ರೆಯಿಂದ ಡಿಸ್ಚಾರ್ಜ್, ಬ್ಯಾಟರಿ ಡಿಸ್ಚಾರ್ಜ್. ಕೋರ್ಟಿನಲ್ಲಿ ಡಿಸ್ಚಾರ್ಜ್ ಎಂದರೆ ಆರೋಪ ನಿಗದಿಗೂ ಮೊದಲೇ ಆರೋಪಿಯನ್ನು ಪ್ರಕರಣದಿಂದ ಕೈಬಿಡುವುದು. ವಿಚಾರಣೆ ನಡೆದು ನಿರ್ದೋಷಿ ಎಂದಾಗುವುದು ಅಕ್ವಿಟಲ್, ಅದಕ್ಕೇ ಖುಲಾಸೆ ಎನ್ನಬೇಕು. ಓವರ್‌ಚಾರ್ಜ್ ಹಣದಲ್ಲೂ ಬ್ಯಾಟರಿಯಲ್ಲೂ ಅತಿಯಾಗುವುದು. ಸರ್‌ಚಾರ್ಜ್ ಎಂದರೆ ಇರುವ ಶುಲ್ಕ ಅಥವಾ ತೆರಿಗೆಯ ಮೇಲೆ ಮತ್ತೊಂದು, ಕನ್ನಡದಲ್ಲಿ ಮೇಲ್ತೆರಿಗೆ ಅಥವಾ ಹೆಚ್ಚುವರಿ ಶುಲ್ಕ. ಮೊಬೈಲಿಗೆ ರೀಚಾರ್ಜ್ ಮಾಡಿಸುವುದು ನಮ್ಮ ದೇಶದ ಬಳಕೆ, ನಮ್ಮೂರಲ್ಲಿ ಕರೆನ್ಸಿ ಹಾಕಿಸುವುದು. ಬ್ರಿಟನ್ನಿನಲ್ಲಿ ಅದು ಟಾಪ್ ಅಪ್. ಅಂತರ್ಜಲ ಮರುಪೂರಣವೂ ರೀಚಾರ್ಜ್, ಇಂಗುಗುಂಡಿಯ ಕಡತಗಳಲ್ಲಿ ಈ ಅರ್ಥವೇ ಬರುತ್ತದೆ.

ಉಚ್ಚಾರ ಮತ್ತು ಬರಹ

ಚಾರ್ಜ್ಡ್ ಒಂದೇ ಉಸಿರಿನ ಪದ. ಅದನ್ನು ಚಾರ್ಜೆಡ್ ಎಂದು ಎರಡಾಗಿ ಒಡೆಯುವುದು ತಪ್ಪು. ಚಾರ್ಜಸ್ ಮಾತ್ರ ಎರಡು. ಬ್ರಿಟಿಷರ ಉಚ್ಚಾರದಲ್ಲಿ ರ್ ಕೇಳಿಸುವುದೇ ಇಲ್ಲ, ಅಮೆರಿಕನ್ನರದರಲ್ಲಿ ಚೆನ್ನಾಗಿ ಕೇಳಿಸುತ್ತದೆ.

ಕನ್ನಡದಲ್ಲಿ ವಿಭಕ್ತಿ ಸೇರಿಸುವಾಗ ಟೈಪಿಸುವವರಿಗೆ ಒಂದು ಕಿರಿಕಿರಿ ಇದೆ. ಚಾರ್ಜ್ ಮುಂದೆ ಗೆ ಒತ್ತಿದರೆ ಗಕಾರ ಒತ್ತಕ್ಷರವಾಗಿ ಕೆಳಗಿಳಿದು ಪದ ಕೆಟ್ಟು ಕಾಣುತ್ತದೆ. ಎರಡರ ನಡುವೆ ಅಕ್ಷರಗಳನ್ನು ಬೇರೆ ಮಾಡುವ ಕೀಲಿ ನಿಮ್ಮ ಕೀಬೋರ್ಡಿನಲ್ಲಿದ್ದರೆ ಅದನ್ನು ಒತ್ತಿ. ಇಲ್ಲದಿದ್ದರೆ ಚಾರ್ಜಿಗೆ, ಚಾರ್ಜಿನ, ಚಾರ್ಜಿನಲ್ಲಿ ಎಂದು ಇಕಾರ ಸೇರಿಸಿ ಬರೆಯಿರಿ.